ಅತ್ತರಿನ ಪೆಟ್ಟಿಗೆಯಲ್ಲಿ ಊರಿಗೆ ಹೋದ ಹದ್ದಿನ ಉಗುರು

ಮ್ಯೂಸಿಯಂ ಲೈನಿಗೆ ಬರ್ತೇವೆ ಅಂತ ಈಗಿನ ಮಕ್ಕಳು ಆಗಾಗ ನನಗೆ ಫೋನು ಮಾಡುತ್ತಾರೆ. ಎಸಿ ರೂಮು, ಬಿಳಿ ಗ್ಲೌಸು, ಮೆಲ್ಲಗೆ ಮಾತಾಡುವ ದೊಡ್ಡ ಜನ, ಹೀಗೆಲ್ಲ ಅವರ ಮನಸ್ಸಿನಲ್ಲಿ ಇರುತ್ತದೆ. ನಾನು ಮೊದಲು ಇಲ್ಲಿ ಗಲ್ಫಿನಲ್ಲಿ, ರಾಸ್ ಅಲ್ ಖೋರಿನ ತಗಡಿನ ಶೆಡ್ಡಿನ ವಿಷಯ ತೆಗೆಯುತ್ತೇನೆ. ಫೈಬರ್ ಗ್ಲಾಸಿನ ಧೂಳು ಬೆವರಿಗೆ ಅಂಟಿದರೆ ಹೇಗೆ ತುರಿಸುತ್ತದೆ ಅಂತ ವಿವರಿಸುತ್ತೇನೆ. ಅರ್ಧ ಜನ ಅಲ್ಲಿಗೇ "ಓಕೆ ಅಂಕಲ್" ಅಂತ ಇಟ್ಟುಬಿಡುತ್ತಾರೆ. ಇಡದೇ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸಕ್ಕೆ ಮೌಂಟ್ ಮೇಕರ್ ಅಂತ ಹೆಸರು. ಗಾಜಿನ ಪೆಟ್ಟಿಗೆಯೊಳಗೆ ಹಳೇ ಕಠಾರಿಯೋ ಮಡಕೆ ಚೂರೋ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದಲ್ಲ, ಅದು ಗಾಳಿಯಲ್ಲಿ ನಿಂತದ್ದಲ್ಲ ಮಾರಾಯ್ರೇ. ಅದರ ಹಿಂದೆ ನಾನು ಬಗ್ಗಿಸಿ ಬೆಸುಗೆ ಹಾಕಿದ ಹಿತ್ತಾಳೆ ಸರಿಗೆ ಇರುತ್ತದೆ. ಅದು ನಿಮ್ಮ ಕಣ್ಣಿಗೆ ಬಿದ್ದರೆ ನನ್ನ ಕೆಲಸ ಕೆಟ್ಟಿತು ಅಂತ ಲೆಕ್ಕ. ಜೀವಮಾನವಿಡೀ ಕಾಣದ ಹಾಗೆ ಕೆಲಸ ಮಾಡಿದವನಿಗೆ ಪ್ರಮೋಷನ್ ಎಲ್ಲಿಂದ ಬರಬೇಕು? ಆ ಸುದ್ದಿ ಬಿಡಿ.

ನಾನು ಕಾಪು ಕಡೆಯ ಸುಂದರ ಆಚಾರ್ಯ. ಚಿನ್ನದ ಕೆಲಸದ ಮನೆಯವನು. ಇಲ್ಲಿಯ ನೈಫ್ ಪೇಟೆಯಲ್ಲಿ ಭಟ್ಕಳದ ಮುಹಿದ್ದೀನ್ ಸಾಹೇಬರ ಅಂಗಡಿ ಇತ್ತು. ಬಟ್ಟೆಯಂಗಡಿಯ ಬೊಂಬೆ, ಸರ ನೇತು ಹಾಕುವ ಸ್ಟ್ಯಾಂಡು ಮಾರುತ್ತಿದ್ದರು. ಆ ಸ್ಟ್ಯಾಂಡಿಗೆ ಬೆಸುಗೆ ಹಾಕಲಿಕ್ಕೆ ನಾನು ಬಂದದ್ದು. ಆಮೇಲೆ ಊರೆಲ್ಲ ಮಾಲ್ ಎದ್ದಿತು, ಮಾಲಿಗೆ ಪ್ಲಾಸ್ಟಿಕ್ ಖರ್ಜೂರದ ಮರ ಬೇಕಾಯಿತು, ಸಾಹೇಬರು ರಾಸ್ ಅಲ್ ಖೋರಿನಲ್ಲಿ ಶೆಡ್ಡು ಹಾಕಿದರು. ಒಮ್ಮೆ ಒಂದು ಮಾಲಿನ ಒಳಗೆ ಕೃತಕ ಬಂಡೆ ಮಾಡಬೇಕಿತ್ತು. ಆರ್ಕಿಟೆಕ್ಟ್ ಸಾಹೇಬ ನಮ್ಮ ಯಾವ ಸ್ಯಾಂಪಲನ್ನೂ ಒಪ್ಪಲಿಲ್ಲ, ಬಂಡೆಯ ಹಾಗೆ ಕಾಣುವುದಿಲ್ಲ ಅಂತ. ಬೇಸತ್ತು ಹತ್ತಾ ಗುಡ್ಡದಿಂದ ಒಂದು ನಿಜವಾದ ಕಲ್ಲನ್ನೇ ತಂದು ಇಟ್ಟೆವು. "ಇದು ಎಲ್ಲಕ್ಕಿಂತ ಫೇಕ್" ಅಂದ. ಆವತ್ತೇ ನನಗೆ ಈ ಲೈನಿನ ಅರ್ಧ ವಿದ್ಯೆ ಬಂದ ಹಾಗಾಯಿತು.

ಮಾಲ್ ಆದ ಮೇಲೆ ಹೆರಿಟೇಜ್ ಬಂತು. ಎಲ್ಲರಿಗೂ ಒಂದೊಂದು ಮ್ಯೂಸಿಯಂ ಬೇಕು, ಅದೂ ಬರುವ ಸೀಸನ್ನಿಗೇ ಬೇಕು. ಸಾಹೇಬರು ಬೋರ್ಡು ಬದಲಿಸಿದರು. ಬೊಂಬೆಗೆ ಬಣ್ಣ ಹೊಡೆಯುತ್ತಿದ್ದವರು ಕನ್ಸರ್ವೇಶನ್ ಟೀಮ್ ಆದರು, ಕ್ರೇಟ್ ಹೊಡೆಯುವ ನಮ್ಮ ಬಡಗಿ ಸದಾನಂದ ಪೂಜಾರಿ ಲಾಜಿಸ್ಟಿಕ್ಸ್ ಆದ. "ಹೆಸರು ಉದ್ದ ಆಯ್ತು ಆಚಾರ್ರೇ, ಮೊಳೆ ಅದೇ" ಅಂತ ಅವನು ನಗುತ್ತಿದ್ದ. ಪಡುಬಿದ್ರೆಯವನು, ಬಾಯಿ ಕಡಿಮೆ, ಕೈ ಗಟ್ಟಿ. ಸಾಹೇಬರ ಹತ್ತಿರ ನನಗಿಂತ ಹಳಬ.

ಇಂಥ ಹೊತ್ತಿನಲ್ಲಿ ಆ ಹಕ್ಕಿಯ ಕೆಲಸ ಬಂತು. ಅಬುಧಾಬಿಯಲ್ಲಿ ಬೇಟೆ ಹಕ್ಕಿಗಳ ಒಂದು ದೊಡ್ಡ ಪ್ರದರ್ಶನ. ಫಾಲ್ಕನ್ ಅಂದರೆ ಇಲ್ಲಿಯವರಿಗೆ ಮನೆ ಮಗನಿಗಿಂತ ಹೆಚ್ಚು, ಪಾಸ್‌ಪೋರ್ಟ್ ಕೂಡ ಉಂಟು ಅದಕ್ಕೆ. ಪ್ರದರ್ಶನದ ಡೈರೆಕ್ಟರ್ ನೀಲಿ ಸೂಟಿನ ಒಬ್ಬ ಮನುಷ್ಯ. ಯಾವ ದೇಶದವನು ಅಂತ ಕೇಳಿದರೆ "ಇಂಟರ್‌ನ್ಯಾಷನಲ್" ಅನ್ನುತ್ತಿದ್ದ. ಜಗತ್ತಿನ ಅತಿ ದೊಡ್ಡ ಫಾಲ್ಕನ್ ಅನ್ನು ತೋರಿಸುತ್ತೇನೆ ಅಂತ ಅವನು ಮೊದಲೇ ಪ್ರಿಂಟ್ ಹಾಕಿಸಿಬಿಟ್ಟಿದ್ದ. ಹಕ್ಕಿ ಹುಡುಕಿದ್ದು ಆಮೇಲೆ.

ಸಿಕ್ಕಿದ್ದು ಫಾಲ್ಕನ್ ಅಲ್ಲ, ಹದ್ದು. ಅದರ ಕತೆ ಇಷ್ಟು. ತೆಂಕು ಸಮುದ್ರದಲ್ಲಿ ಎಲ್ಲೋ ಒಂದು ದ್ವೀಪ. ಅಲ್ಲಿ ಹುಲಿ, ಚಿರತೆ, ತೋಳ ಯಾವುದೂ ಇರಲಿಲ್ಲ, ಆ ಕೆಲಸವನ್ನೆಲ್ಲ ಈ ಹದ್ದೇ ನೋಡಿಕೊಳ್ಳುತ್ತಿತ್ತು. ಹಾರಲಾಗದ ದೊಡ್ಡ ಹಕ್ಕಿಗಳು ಕುರಿಗಳ ಹಾಗೆ ಮೇಯುತ್ತಿದ್ದವು, ಅವನ್ನು ತಿಂದು ತಿಂದು ಹದ್ದು ಹಾಗೆ ಬೆಳೆದದ್ದು. ಆಮೇಲೆ ದೋಣಿಯಲ್ಲಿ ಮನುಷ್ಯರು ಬಂದು ಮೇಯುವ ಹಕ್ಕಿಗಳನ್ನು ಸುಟ್ಟು ತಿಂದು ಮುಗಿಸಿದರು. ಹದ್ದು ಹಸಿದು ಸತ್ತಿತು. ಸುಣ್ಣಕಲ್ಲಿನ ಗುಹೆಗಳಲ್ಲಿ ಬಿದ್ದ ನಾಲ್ಕೈದು ಎಲುಬು ಬಿಟ್ಟರೆ ಅದರದ್ದು ಅಂತ ಏನೂ ಉಳಿಯಲಿಲ್ಲ.

ಆ ಪಳೆಯುಳಿಕೆಗಳನ್ನು ತಂದವರು ಡಾಕ್ಟರ್ ಹೆಲೆನ್ ಅಂತ, ಆ ದ್ವೀಪದ ಮ್ಯೂಸಿಯಮ್ಮಿನವರು. ಐವತ್ತು ದಾಟಿದ ಹೆಂಗಸು, ಗಂಡಸರ ಶರ್ಟು, ಕಾಲಿಗೆ ದಪ್ಪ ಚಪ್ಪಲಿ. ಎಲುಬುಗಳ ಬೂದಿ ಬಣ್ಣದ ಪ್ಲಾಸ್ಟಿಕ್ ಡಬ್ಬವನ್ನು ವಿಮಾನದಲ್ಲಿ ಇಡೀ ದಾರಿ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರು. ಅದರಲ್ಲಿ ಒಂದು ಕಾಲಿನ ಎಲುಬು, ತಲೆಬುರುಡೆಯ ಚೂರುಗಳು, ಮತ್ತೆ ಒಂದು ಉಗುರು. ನನ್ನ ಹೆಬ್ಬೆರಳಿಗಿಂತ ಉದ್ದ, ಚಹಾದ ಬಣ್ಣ, ಕುಡುಗೋಲಿನ ಹಾಗೆ ಬಾಗು. ಹೆಲೆನ್ ಮೇಡಂ ವಿದ್ಯಾರ್ಥಿನಿಯಾಗಿದ್ದಾಗ ಗುಹೆಯಲ್ಲಿ ಹೊಟ್ಟೆ ಎಳೆದುಕೊಂಡು ಹೋಗಿ ತೆಗೆದದ್ದು. ಆ ಜಾತಿಯ ಹದ್ದಿನ ಉಗುರು ಇವತ್ತಿನವರೆಗೆ ಸಿಕ್ಕಿದ್ದು ಅದೊಂದೇ.

ಉಗುರಿನ ಬುಡದಲ್ಲಿ ಒಂದು ಗಂಟು. ಹಿಡಿತದ ನರ ಬಂದು ಕಟ್ಟುವುದು ಅಲ್ಲಿಗೆ. "ಈ ಗಂಟು ನೋಡಿ, ಸುಂದರ್. ಇಷ್ಟು ದೊಡ್ಡ ಗಂಟು ಇರಬೇಕಾದರೆ ಅದು ಜೀವಂತ ಪ್ರಾಣಿಯನ್ನು ಹಿಡಿದು ಕೊಂದದ್ದು. ಬೇರೆಯವರು ನನ್ನ ಹಕ್ಕಿಯನ್ನು ಕೊಳೆತದ್ದು ತಿನ್ನುವ ರಣಹದ್ದು ಅನ್ನುತ್ತಾರೆ. ಅವರಿಗೆ ಕೊಡಲಿಕ್ಕೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ" ಅಂದರು. ಅಚ್ಚು, ಫೋಟೋ ಇದ್ದರೂ ಆ ಜನ ಒಪ್ಪುವುದಿಲ್ಲವಂತೆ, ಅಸಲೇ ಬೇಕಂತೆ. ಹೊರಗೆ ಕಳಿಸುವುದು ಬೇಡ ಅಂತ ಅವರ ಮ್ಯೂಸಿಯಮ್ಮಿನ ಹಿರಿಯರು ಹಟ ಹಿಡಿದಾಗ ಈಯಮ್ಮ ತನ್ನ ಮಾತಿನ ಮೇಲೆ ತಂದದ್ದು.

ಎಲುಬಿನ ಅಳತೆ ಹಿಡಿದು ಇಡೀ ಹದ್ದಿನ ಒಂದು ಬೊಂಬೆಯನ್ನೂ ನಾವು ಮಾಡಿ ಗೋಡೆಗೆ ನಿಲ್ಲಿಸಬೇಕಿತ್ತು. ಡೈರೆಕ್ಟರಿಗೆ ಗಂಟು ಬೇಡ, ರೆಕ್ಕೆ ಬೇಕು. ಕಾಡಿನೊಳಗೆ ಹಾರುವ ಹಕ್ಕಿ, ರೆಕ್ಕೆ ಗಿಡ್ಡ ಅಂತ ಮೇಡಂ ಹೇಳಿದರೆ, "ಗೋಡೆ ಉದ್ದ ಉಂಟಲ್ಲ, ಡಾಕ್ಟರ್?" ಅಂದ. ಗೋಡೆ ನೋಡಿ ಹಕ್ಕಿ ಬೆಳೆಯುವುದಿಲ್ಲ ಅಂತ ಇವರು. ಬರೇ ಒಂದಿಷ್ಟು ಎಕ್ಸ್ಟ್ರಾ ಅಂತ ಅವನು. ಕೊನೆಗೆ ರೆಕ್ಕೆ ಮಡಚಿ ಕೂತ ಹಾಗೆ ಮಾಡುವುದು ಅಂತ ತೀರ್ಮಾನ ಆಯಿತು. ಮಕ್ಕಳೇ, ಈ ಲೈನಿನಲ್ಲಿ ವಿಜ್ಞಾನಕ್ಕೂ ಕಂಪನಿಗೂ ಜಗಳ ಆದರೆ ಹಕ್ಕಿ ಕೂತುಕೊಳ್ಳುತ್ತದೆ.

ಮೇಡಮಿಗೆ ನಡುವೆ ಯುರೋಪಿನಲ್ಲಿ ಒಂದು ಭಾಷಣ ಇತ್ತು. ನನಗೆ ಮೌಂಟ್ ಮಾಡಲಿಕ್ಕಾಗಿ ಎಲುಬುಗಳನ್ನು ಬಿಟ್ಟು ಹೋದರು. ಎಸಿ ಇರುವ, ಬೀಗ ಹಾಕುವ ಕೋಣೆಯಲ್ಲಿಡಬೇಕು, ನಾನು ಮತ್ತು ಸಾಹೇಬರು ಬಿಟ್ಟರೆ ಯಾರೂ ನೋಡುವಂತಿಲ್ಲ ಅಂತ ಕಟ್ಟುನಿಟ್ಟು ಮಾಡಿದರು. ಇಡೀ ಶೆಡ್ಡಿನಲ್ಲಿ ಎಸಿಯೂ ಬೀಗವೂ ಒಟ್ಟಿಗೆ ಇದ್ದದ್ದು ಸಾಹೇಬರ ಆಫೀಸಿಗೆ ಮಾತ್ರ. ಅಲ್ಲಿ ಅವರ ಕುರ್ಚಿಯ ಹಿಂದೆ ಒಂದು ಕಪಾಟು. ಅದರ ತುಂಬ ಅತ್ತರಿನ ಪೆಟ್ಟಿಗೆ, ಒಳಗೆ ಕೆಂಪು ಮಖಮಲ್ಲು ಹಾಸಿದ್ದು. ಯಾರು ರಜೆಗೆ ಊರಿಗೆ ಹೊರಟರೂ ಸಾಹೇಬರು ಅದರಿಂದ ಒಂದು ಕೊಡುವ ಪದ್ಧತಿ. ಬಾಯಲ್ಲಿ ಬೈದರೂ ಬರಿಗೈಯಲ್ಲಿ ಯಾರನ್ನೂ ಕಳಿಸಿದವರಲ್ಲ.

ನನ್ನ ಅಳತೆ ಮುಗಿದ ಮೇಲೆ ಎಲ್ಲವನ್ನೂ ಡಬ್ಬಕ್ಕೆ ಹಾಕಿ ಸಾಹೇಬರಿಗೆ ಒಪ್ಪಿಸಿದೆ. ಆ ಮನುಷ್ಯ ಒಂದು ದಿನ ಡಬ್ಬ ತೆರೆದು ನೋಡಿದ್ದಾರೆ. ಇಷ್ಟು ಬೆಲೆಬಾಳುವ ಸಾಮಾನು, ಸಮುದ್ರ ದಾಟಿ ಬಂದ ಸಾಮಾನು, ಸ್ಪಂಜಿನ ತೂತಿನಲ್ಲಿ ಬಿದ್ದಿರುವುದು ಅವರಿಗೆ ಸಹಿಸಲಿಕ್ಕಾಗಲಿಲ್ಲ. ಮರ್ಯಾದೆಗೆ ಅಂತ ಉಗುರನ್ನು ತೆಗೆದು ಒಂದು ಅತ್ತರಿನ ಪೆಟ್ಟಿಗೆಯ ಮಖಮಲ್ಲಿನ ಮೇಲೆ ಮಲಗಿಸಿ ಅದೇ ಕಪಾಟಿನ ಮೇಲಿನ ಸಾಲಿನಲ್ಲಿ ಇಟ್ಟರು. ಯಾರಿಗೂ ಹೇಳಲಿಲ್ಲ. ಗುಟ್ಟಾಗಿಡಬೇಕು ಅಂತ ಮೇಡಂ ಹೇಳಿದ್ದರಲ್ಲ.

ಸದಾನಂದ ರಜೆಗೆ ಹೊರಟದ್ದು ಆ ವಾರವೇ. ಮಗಳ ಮಗುವನ್ನು, ಅಂದರೆ ಪುಳ್ಳಿಯನ್ನು ನೋಡಲಿಕ್ಕೆ. ಸಾಹೇಬರು ಫೋನಿನಲ್ಲಿ ರೆಸಿನ್ ಸಪ್ಲೈ ಮಾಡುವವನ ಜನ್ಮ ಜಾಲಾಡುತ್ತಿದ್ದರು. "ಮೇಲಿಂದ ಒಂದು ತಗೋ, ಯಲ್ಲಾ, ಹುಷಾರು" ಅಂತ ಕೈ ಬೀಸಿದರು. ಅವನು ಮೇಲಿಂದಲೇ ತೆಗೆದುಕೊಂಡ.

ಊರು ಮುಟ್ಟಿ ಅವನು ಕಳಿಸಿದ ವಾಯ್ಸ್ ಮೆಸೇಜನ್ನು ಸಾಹೇಬರು ನಮ್ಮೆಲ್ಲರ ಎದುರು ಹಾಕಿದರು. "ಸಾಹೇಬ್ರೇ, ನೀವು ಕೊಟ್ಟದ್ದನ್ನು ತೆರೆದು ನೋಡಿ ನನಗೆ ಮಾತೇ ಬರ್ಲಿಲ್ಲ. ಇದು ನಮ್ಮ ಮನೆಯಲ್ಲಿ ತಲೆತಲಾಂತರ ಇರ್ತದೆ. ನನ್ನ ಪುಳ್ಳಿಯ ಕೊರಳಿಗೆ ಹಾಕ್ತೇವೆ." ಅತ್ತರನ್ನು ಕೊರಳಿಗೆ ಹಚ್ಚುವುದು ಹೌದಲ್ಲ, ನಾವು ಯಾರೂ ಹೆಚ್ಚು ಯೋಚಿಸಲಿಲ್ಲ. "ನೋಡಿ ಆಚಾರ್ರೇ, ಎಂಥ ಕೃತಜ್ಞತೆ. ನೀವು ಒಂದು ದಿನ ಹೀಗೆ ಹೇಳಿದ್ದುಂಟಾ?" ಅಂತ ಸಾಹೇಬರು ನನ್ನನ್ನು ಚುಚ್ಚಿದರು.

ಮೇಡಂ ಬರುವುದಕ್ಕೆ ಸ್ವಲ್ಪ ದಿನ ಮೊದಲು ಮೌಂಟಿಗೆ ಉಗುರನ್ನು ಕೂರಿಸಿ ನೋಡುವ ಅಂತ ಡಬ್ಬ ತೆರೆದೆ. ಸ್ಪಂಜಿನಲ್ಲಿ ಉಗುರಿನ ಆಕಾರದ ತೂತು ಮಾತ್ರ ಇತ್ತು. ನನ್ನ ಮುಖ ನೋಡಿ ಸಾಹೇಬರು ನಕ್ಕು, ಹೆದರಬೇಡಿ, ಒಳ್ಳೆ ಜಾಗದಲ್ಲಿ ಉಂಟು ಅಂತ ಕಪಾಟಿಗೆ ಕೈ ಹಾಕಿದರು. ಒಂದು ಪೆಟ್ಟಿಗೆ ತೆರೆದರು, ಅತ್ತರು. ಇನ್ನೊಂದು, ಅತ್ತರು. ಮೇಜಿನ ತುಂಬ ಅತ್ತರು ಹರಡಿದ ಮೇಲೆ ಇಬ್ಬರಿಗೂ ಒಟ್ಟಿಗೇ ಸದಾನಂದನ ಪುಳ್ಳಿಯ ನೆನಪಾಯಿತು.

ಉಡುಪಿ ಮಂಗಳೂರು ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಖಮಲ್ಲಿನ ಮೇಲೆ ಬಾಗಿದ ಒಂದು ದೊಡ್ಡ ಉಗುರು ಇದ್ದರೆ ನಮ್ಮವರ ಕಣ್ಣಿಗೆ ಅದು ಏನು? ಹುಲಿಯುಗುರು. ಮಗುವಿಗೆ ಹೆದರಿಕೆ, ದೃಷ್ಟಿ ಆಗದ ಹಾಗೆ ಚಿನ್ನದ ಕಟ್ಟು ಹಾಕಿಸಿ ಕೊರಳಿಗೆ ಕಟ್ಟುವಂಥದ್ದು. ಈಗ ಅದು ಕಾನೂನಿಗೆ ವಿರುದ್ಧ, ಸಿಗುವುದೂ ಇಲ್ಲ. ಅಂಥದ್ದನ್ನು ಧಣಿ ಕರೆದು ಕೊಟ್ಟರೆ ಯಾವ ಅಜ್ಜನಿಗೆ ಕಣ್ಣು ತುಂಬುವುದಿಲ್ಲ?

"ದೇರಾದ ಬಜಾರಿನಲ್ಲಿ ಹುಡುಕಿದ್ರೆ ಇಂಥದ್ದು ಇನ್ನೊಂದು ಸಿಗ್ಲಿಕ್ಕಿಲ್ವಾ?" ಅಂತ ಸಾಹೇಬರು ಸಣ್ಣ ಸ್ವರದಲ್ಲಿ ಕೇಳಿದರು. ಫೋನು ಮಾಡಿ ಅಂದೆ. ಅವರು ಫೋನನ್ನು ನನ್ನ ಕೈಯಲ್ಲಿಟ್ಟರು. "ಕೊಟ್ಟದ್ದನ್ನು ವಾಪಸು ಕೇಳುವ ವಂಶ ಅಲ್ಲ ನಮ್ಮದು. ನೀವು ಕೇಳಿ" ಅಂದರು. ವಂಶದ ಮರ್ಯಾದೆ ಉಳಿಸುವ ಕೆಲಸವೂ ಮೌಂಟ್ ಮೇಕರಿನದ್ದೇ ಅಂತ ಆವತ್ತು ಗೊತ್ತಾಯಿತು.

ಸದಾನಂದ ಫೋನೆತ್ತಿದ. ಕಟ್ಟು ಹಾಕಿಸಲಿಕ್ಕೆ ವಾಸುದೇವ ಆಚಾರ್ರಿಗೆ ಕೊಟ್ಟಾಯಿತು ಅಂದ. ವಾಸುದೇವ ನನ್ನ ದೊಡ್ಡಪ್ಪನ ಮಗ. ಅವನ ಕೈಗೆ ಹೋದ ವಸ್ತುವಿಗೆ ಒಂದು ಗಂಟು ಇದ್ದರೆ ಮೊದಲು ಅರ ಹಾಕಿ ಅದನ್ನು ನುಣ್ಣಗೆ ಮಾಡುತ್ತಾನೆ. ಅವನಿಗೆ ಫೋನು ಮಾಡಿದೆ.

"ಆ ಉಗುರಾ? ಚಂದ ಉಂಟು. ಆದ್ರೆ ಬುಡದಲ್ಲಿ ಒಂದು ದರಿದ್ರ ಗಂಟು ಅಣ್ಣ, ಚಿನ್ನ ಕೂರುವುದಿಲ್ಲ."

"ತೆಗ್ದಿಯಾ?"

"ಇಲ್ಲ, ಪೆನ್ಸಿಲಲ್ಲಿ ಗೆರೆ ಹಾಕಿ ಇಟ್ಟಿದ್ದೇನೆ. ಆಟಿ ತಿಂಗಳು ಒಳ್ಳೇದಲ್ಲ, ಮಗುವಿಗೆ ಹೊಸ ಚಿನ್ನ ಬೇಡ ಅಂತ ಅವರ ಅಜ್ಜಿ ತಡೆದರು. ಸೋಣ ಬಂದ ಕೂಡ್ಲೇ ಅರ ಹಾಕುವುದು."

ಸೋಣ ತಿಂಗಳು ಬರಲಿಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಮುಟ್ಟಬೇಡ, ಅದು ಹುಲಿಯದ್ದಲ್ಲ ಅಂದೆ. ಹುಲಿಯದ್ದಾದರೂ ಗಲ್ಫಿನ ಹುಲಿಗೆ ಊರಿನ ಕಾನೂನು ಲಾಗೂ ಆಗ್ತದಾ ಅಂತ ಅವನು ಬೇರೆ ತಗಾದೆ ತೆಗೆದ. ಅವನ ಬಾಯಿ ಮುಚ್ಚಿಸಿ ಪುನಃ ಸದಾನಂದನಿಗೆ ಮಾಡಿದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಹಿಂದೆ ಮಗು ಅಳುವುದು ಕೇಳುತ್ತಿತ್ತು.

"ಆಯ್ತು ಆಚಾರ್ರೇ. ನೆಂಟರಿಗೆಲ್ಲ ತೋರಿಸಿದ್ದೆ. ಸಾಹೇಬ್ರು ಕೊಟ್ಟದ್ದು ಅಂತ ಹೇಳಿದ್ದೆ. ಇರ್ಲಿ" ಅಂದ. ಮತ್ತೆ, "ಅವ್ರು ಯಾಕೆ ಮಾತಾಡುದಿಲ್ಲ?" ಅಂತ ಕೇಳಿದ. ಸಾಹೇಬರು ನನ್ನ ಎದುರೇ ಕೂತು ಅತ್ತರಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಹೊರಗೆ ಹೋಗಿದ್ದಾರೆ ಅಂತ ಹೇಳಿದೆ.

ನಮ್ಮವರು ವಸ್ತು ಕಳಿಸುವ ಕೊರಿಯರ್ ಯಾವುದು ಅಂತ ನಿಮಗೆ ಗೊತ್ತೇ ಉಂಟು, ಆ ಕಡೆ ಹೋಗುವವರ ಚೀಲ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಟೀಚರಾಗಿರುವ ಬೆಳ್ಮಣ್ಣಿನ ಶಕುಂತಲಕ್ಕ ರಜೆ ಮುಗಿಸಿ ಹೊರಟಿದ್ದರು. ಎಂತ ಮಾಡುವುದು, ಜಗತ್ತಿನಲ್ಲಿ ಒಂದೇ ಒಂದು ಇರುವ ಆ ಉಗುರು ಹಲಸಿನ ಹಪ್ಪಳದ ಕಟ್ಟಿನ ನಡುವೆ ಮಂಗಳೂರಿನಿಂದ ವಿಮಾನ ಹತ್ತಿತು.

ಅವರು ಬಂದಿಳಿದ ಮರುದಿನವೇ ಹೆಲೆನ್ ಮೇಡಂ ಅಬುಧಾಬಿಯಲ್ಲಿ ಇಳಿದರು. ಉಗುರು ಸಿಕ್ಕಿದ ಮೇಲೆ ಮೇಡಮಿಗೆ ಏನೂ ಹೇಳಬೇಕಂತಿಲ್ಲ ಅಂತ ಸಾಹೇಬರ ಅಪ್ಪಣೆ ಆಗಿತ್ತು. ನನಗೆ ಅದು ಸರಿ ಕಾಣಲಿಲ್ಲ. ಶಕುಂತಲಕ್ಕನ ಮನೆಗೆ ಹೋಗುವಾಗ ಕಾರಿನಲ್ಲೇ ಎಲ್ಲ ಹೇಳಿದೆ. ಗಾಡಿ ನಿಲ್ಲಿಸಿ ಅಂದರು. ಆಗಸ್ಟಿನ ಬಿಸಿಲಿನಲ್ಲಿ ರಸ್ತೆ ಬದಿ ಇಳಿದು ಬೆನ್ನು ಹಾಕಿ ನಿಂತರು. ನನಗೆ ಬೈಯಬಹುದು ಅಂತ ಕಾದೆ. ಒಳಗೆ ಬಂದು ಕೂತು ಬೆಲ್ಟು ಹಾಕಿ, "ಇನ್ನು ಎಷ್ಟು ದೂರ?" ಅಂತ ಮಾತ್ರ ಕೇಳಿದರು.

ಶಕುಂತಲಕ್ಕನ ಮನೆಯಲ್ಲಿ ಪೆಟ್ಟಿಗೆ ಊಟದ ಮೇಜಿನ ಮೇಲಿತ್ತು. ಮೇಡಂ ಗ್ಲೌಸು ಹಾಕಿ, ಕಿಸೆಯಿಂದ ಭೂತಗನ್ನಡಿ ತೆಗೆದು, ಉಗುರನ್ನು ಮೆಲ್ಲಗೆ ತಿರುಗಿಸಿದರು. ಸದಾನಂದನ ಮನೆಯವರು ಹೊಳಪಿಗೆ ಅಂತ ತೆಂಗಿನೆಣ್ಣೆ ಸವರಿದ್ದು ಮೂಗಿಗೆ ಹೊಡೆಯಿತು. ಬುಡದಲ್ಲಿ ವಾಸುದೇವನ ಪೆನ್ಸಿಲ್ ಗೆರೆ, ಅಡ್ಡಕ್ಕೆ, ಒಪ್ಪವಾಗಿ. ಗೆರೆಯ ಆಚೆ ಗಂಟು ಪೂರ್ತಿ ಇತ್ತು. ಮೇಡಂ ಸೋಫಾದಲ್ಲಿ ಕೂತು ಅಳಲಿಕ್ಕೆ ಶುರು ಮಾಡಿದರು, ನಾಚಿಕೆ ಇಲ್ಲದೆ, ಮಕ್ಕಳ ಹಾಗೆ. ಶಕುಂತಲಕ್ಕ ನನ್ನನ್ನು ಅಡುಗೆ ಕೋಣೆಗೆ ಕರೆದು, "ಯಾರು ತೀರಿ ಹೋದದ್ದು ಆಚಾರ್ರೇ?" ಅಂತ ಪಿಸುಗುಟ್ಟಿದರು. ಒಂದು ಹದ್ದು, ಬಹಳ ಹಿಂದೆ, ಅಂದೆ. ಪಾಪ, ಅವರು ಮತ್ತೆ ಕೇಳಲಿಲ್ಲ, ನೀರುದೋಸೆ ಹೊಯ್ದು ಕೊಟ್ಟರು. ಮೇಡಂ ತಿಂದರು.

ಇಷ್ಟೆಲ್ಲ ಪಾಡು ಪಟ್ಟು ತಂದ ಉಗುರನ್ನು ಡೈರೆಕ್ಟರಿಗೆ ತೋರಿಸಿದೆವು. ಅವನು ಅತ್ತ ಇತ್ತ ನೋಡಿ, "ಇಷ್ಟೇಯಾ?" ಅಂದ. ಜನ ಅದರ ಬಾಗಿನೊಳಗೆ ನಿಂತು ಫೋಟೋ ತೆಗೆಸಿಕೊಳ್ಳುವಷ್ಟು ದೊಡ್ಡದು ಬೇಕಂತೆ. ಆಗ ನಮ್ಮಲ್ಲಿ ಹೊಸತಾಗಿ ಸ್ಕ್ಯಾನರ್ ಬಂದಿತ್ತು. ಹಿಂದೆ ನಾವು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ವಾರಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಅದು ಒಂದು ಬಟನಿನಲ್ಲಿ ಮಾಡುತ್ತದೆ, ತಪ್ಪನ್ನೂ ಅಷ್ಟೇ ಬೇಗ ದೊಡ್ಡದು ಮಾಡುತ್ತದೆ. ಆಳೆತ್ತರದ ಫೈಬರ್ ಉಗುರು ಎದ್ದು ನಿಂತಿತು, ಅದಕ್ಕೆ ಬಂಗಾರದ ಬಣ್ಣ. ಸಾಹೇಬರಿಗೆ ದೊಡ್ಡ ಆರ್ಡರು ಸಿಕ್ಕಿ ಮುಖ ಅರಳಿತು. ಅಸಲು ಉಗುರಿಗೆ ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಗಾಜಿನ ಪೆಟ್ಟಿಗೆ.

ಪ್ರದರ್ಶನ ಶುರುವಾದ ಮೇಲೆ ಮೇಡಂ ದಿನಾ ಆ ಪೆಟ್ಟಿಗೆಯ ಪಕ್ಕ ನಿಲ್ಲುತ್ತಿದ್ದರು, ಯಾರಾದರೂ ಕೇಳಿದರೆ ಹೇಳಲಿಕ್ಕೆ. ಕೇಳಿದವರೆಲ್ಲ ಟಾಯ್ಲೆಟ್ ಎಲ್ಲಿ ಅಂತ ಕೇಳಿದರು. ಅವರು ನಗುತ್ತ ದಾರಿ ತೋರಿಸುತ್ತಿದ್ದರು.

ಒಂದು ಶುಕ್ರವಾರ ಸದಾನಂದ ಬಂದ. ರಜೆಯಿಂದ ಬಂದ ಮೇಲೆ ಅವನು ಸಾಹೇಬರ ಆಫೀಸಿನ ಬಾಗಿಲು ದಾಟಿರಲಿಲ್ಲ, ಏನು ಬೇಕಿದ್ದರೂ ಹೊರಗಿನಿಂದಲೇ ಕೇಳುತ್ತಿದ್ದ. ಊರಿನಲ್ಲಿ ಅವನ ಭಾವ, ನಿನ್ನ ಧಣಿ ಕೊಟ್ಟದ್ದನ್ನು ಕಿತ್ತುಕೊಂಡನಲ್ಲ ಅಂತ ಎಲ್ಲರ ಎದುರು ನಕ್ಕಿದ್ದನಂತೆ. ಆವತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ. ಬಂಗಾರದ ದೊಡ್ಡ ಉಗುರಿನ ಹತ್ತಿರ ಸಾಹೇಬರು ಯಾರೊಟ್ಟಿಗೋ ಫೋಟೋಕ್ಕೆ ನಿಂತಿದ್ದರು. ಇವನನ್ನು ಕಂಡು ಫೋನು ಕಿವಿಗೆ ಹಿಡಿದು ಅದರ ಹಿಂದೆ ಸರಿದರು. ಇವನು ಆ ಕಡೆ ತಿರುಗದೆ ನೆಟ್ಟಗೆ ಸಣ್ಣ ಪೆಟ್ಟಿಗೆಯ ಎದುರು ಬಂದು ನಿಂತ.

ಬಹಳ ಹೊತ್ತು ನಿಂತ. ಆ ಪೆಟ್ಟಿಗೆಯ ಎದುರು ಅಷ್ಟು ಹೊತ್ತು ನಿಂತವರು ಇಡೀ ಪ್ರದರ್ಶನದಲ್ಲಿ ಬೇರೆ ಯಾರೂ ಇಲ್ಲ. ಯಾರು ಅಂತ ಮೇಡಂ ನನ್ನನ್ನು ಕಣ್ಣಲ್ಲೇ ಕೇಳಿದರು. ಇವನ ಪುಳ್ಳಿಗೇ ಕಟ್ಟಲಿಕ್ಕಿದ್ದದ್ದು ಅಂದೆ. ಅವರು ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ಕೊರಳಿನಿಂದ ಕೀಲಿಕೈ ತೆಗೆದು ಗಾಜಿನ ಬಾಗಿಲು ತೆರೆದರು. ನನ್ನ ಸರ್ವಿಸಿನಲ್ಲಿ ಪ್ರದರ್ಶನ ನಡೆಯುವಾಗ ಪೆಟ್ಟಿಗೆ ತೆರೆದವರನ್ನು ನಾನು ಕಂಡಿಲ್ಲ. ಅವರು ಉಗುರನ್ನು ನನ್ನ ಮೌಂಟಿನಿಂದ ಬಿಡಿಸಿ ಸದಾನಂದನ ಅಂಗೈಯಲ್ಲಿಟ್ಟರು, ಗ್ಲೌಸಿಲ್ಲದ ಅಂಗೈಯಲ್ಲಿ. ಸೆಕ್ಯೂರಿಟಿಯವ "ಮಮ್ನೂ, ಮಮ್ನೂ", ಮುಟ್ಟಬಾರದು, ಅನ್ನುತ್ತ ಓಡಿ ಬಂದ. ಮೇಡಂ ಕೈಯೆತ್ತಿ ಅವನನ್ನು ತಡೆದರು.

ಸದಾನಂದ ಅದನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದ. ಆಮೇಲೆ ಎಡಗೈಯನ್ನು ಬಲಗೈಯ ಅಡಿಗೆ ಕೊಟ್ಟು, ನಾವು ಊರಿನಲ್ಲಿ ಹಿರಿಯರಿಗೆ ಕೊಡುವ ಹಾಗೆ, ಸ್ವಲ್ಪ ಬಗ್ಗಿ, ಮೇಡಮಿನ ಎದುರು ಹಿಡಿದ. ಅವರಿಗೆ ಯಾರೂ ಹೇಳಿಕೊಡಲಿಲ್ಲ, ಅವರೂ ಎರಡು ಕೈಯಲ್ಲಿ ತೆಗೆದುಕೊಂಡರು.

"ಆಚಾರ್ರೇ, ಆವತ್ತು ಸಾಹೇಬ್ರು ವಾಪಸು ತೆಗೆಸಿಕೊಂಡದ್ದು. ಇದು ನಾನು ಕೊಟ್ಟದ್ದು ಅಂತ ಮೇಡಮಿಗೆ ಹೇಳಿ" ಅಂದ.

ನಾನು ಹೇಳಿದೆ.